ಬ್ರೇಕ್ ಹಿಡೀಲಿಲ್ಲ

ಏಳನೆಯ ಸಲ ಅಯಾಜ ಗಾಡಿಯನ್ನು ಐವತ್ತಕ್ಕೆ ತಂದು, ಕರೆಂಟಿನ ಕಂಬ ದಾಟಿದ ಕೂಡಲೇ ಬಲಗಾಲಿನಿಂದ ಪೆಡಲ್ ತುಳಿದ. ಹಿಂದಿನ ಗಾಲಿ ರಸ್ತೆಯನ್ನು ಉಜ್ಜುತ್ತ ಹೋಗಿ, ಗಾಡಿಯ ಬಾಲ ಸ್ವಲ್ಪ ಎಡಕ್ಕೆ ಸರಿದು, ನಿಂತಿತು. ಇಳಿದು ಸ್ಟ್ಯಾಂಡು ಹಾಕಿ, ಕಂಬದವರೆಗೆ ಹೆಜ್ಜೆ ಎಣಿಸುತ್ತ ಹಿಂದಕ್ಕೆ ನಡೆದ. ಮೂವತ್ತೆರಡು. ಹೋದ ಸಲವೂ ಮೂವತ್ತೆರಡೇ ಆಗಿತ್ತು. ಅದರ ಹಿಂದಿನ ಸಲ ಮೂವತ್ತೊಂದು.

ಧಾರವಾಡ ರಸ್ತೆಯ ರಾಯಾಪುರದ ಆ ತಿರುವಿನಲ್ಲಿ ಚಹಾದ ಗಾಡಿ ಇಟ್ಟುಕೊಂಡಿದ್ದ ಹೆಂಗಸು ಬೆಳಗಿನಿಂದ ಅವನನ್ನು ನೋಡುತ್ತಿದ್ದಳು. ಎಂಟನೆಯ ಸಲವೂ ಮುಗಿಸಿ ಅವನು ಗಾಡಿ ತಿರುಗಿಸುವಾಗ ಕೂಗಿದಳು.

"ಏ ತಮ್ಮಾ, ಏನರ ಕಳಕೊಂಡಿ ಏನ ಇಲ್ಲಿ?"

"ಇಲ್ಲರಿ."

"ಮತ್ತ ರಸ್ತಾ ಅಳ್ಯಾಕತ್ತಿ. ಅಗಲ ಮಾಡಾವ್ರಿದ್ರ ಮೊದಲ ಹೇಳಿಬಿಡು, ನನ್ನ ಸ್ಟೋವು ಎತಗೊಂಡ ಹೊಕ್ಕೇನಿ. ಹೋದ ಸಲ ಬಸ್ಸಿನ ರಸ್ತಾ ಮಾಡುವಾಗ ಹೇಳದ ಬಂದ್ರು, ಕುದಿಯೂ ಚಹಾ ಚೆಲ್ಲಬೇಕಾತು."

"ಸರ್ಕಾರದಾಂವ ಅಲ್ಲರಿ ನಾನು. ಬ್ರೇಕ್ ನೋಡಾಕತ್ತೇನಿ."

"ಮುಂಜಾನಿಯಿಂದ ಹಿಡ್ಯಾಕತ್ತೈತಲ್ಲ. ಇನ್ನೇನ ನೋಡ್ತಿ."

ಅವನು ಗಾಡಿಯನ್ನು ನೆರಳಿಗೆ ತಂದು ನಿಲ್ಲಿಸಿ ಬಾಕಿನ ಮೇಲೆ ಕುಳಿತ. ಹದಿನೈದು ದಿನಗಳ ಹಿಂದೆ ಇಲ್ಲಿ ಗಂಡ ಹೆಂಡತಿ ಬಿದ್ದದ್ದು ಗೊತ್ತೇ ಎಂದು ಕೇಳಿದ. ಗೊತ್ತಿಲ್ಲದೆ ಏನು, ನೀರು ಕೊಟ್ಟವಳು ತಾನೇ ಎಂದಳು ಅವಳು. ಮುಂದೆ ಹೋಗುತ್ತಿದ್ದ ಟೆಂಪೊ ಒಮ್ಮೆಲೇ ನಿಂತಿತು. ಇವರು ಸೀದಾ ಹೋಗಿ ಅದರ ಮೂಲೆಗೆ ಗುದ್ದಿದರು. ಹೆಣ್ಣುಮಗಳು ಹಾರಿ ರಸ್ತೆಯ ಕಟ್ಟೆಗೆ ಬಡಿದಳು. ಟೆಂಪೊದವನು ತಿರುಗಿಯೂ ನೋಡಲಿಲ್ಲ.

"ಗಂಡಸಿಗೆ ಏನೂ ಆಗಿರಲಿಲ್ಲ, ಮೊಣಕೈ ಕೆತ್ತಿತ್ತು ಅಷ್ಟ. ರಸ್ತಾದಾಗ ಕುಂತು ಒಂದ ಮಾತು ಹೇಳತಿದ್ದ. ಬ್ರೇಕ್ ಹಿಡೀಲಿಲ್ಲ, ಬ್ರೇಕ್ ಹಿಡೀಲಿಲ್ಲ. ಕೇಳಾಕ ಆಗತಿದ್ದಿಲ್ಲ ನೋಡು. ಯಾವಾಂವ ಮಾಡಿದ್ನೋ ಆ ಬ್ರೇಕ್, ಅವನ ಕೈಯಾಗ..."

ಅವಳು ಅಲ್ಲಿಗೇ ನಿಲ್ಲಿಸಿದಳು. ಅಯಾಜ ಕೈ ಚಾಚಿ ಗ್ಲಾಸು ತೆಗೆದುಕೊಳ್ಳುತ್ತಿದ್ದ. ಉಗುರಿನ ಸಂದಿಗಳಲ್ಲಿ, ಬೆರಳಿನ ಗೆರೆಗಳಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು ಎಣ್ಣೆ ಇತ್ತು.

"ನೀನ ಏನ?"

"ಹೌದ್ರಿ."

ಅವಳು ಸ್ಟೋವಿನ ಕಡೆ ತಿರುಗಿದಳು.

*

ಬಿದ್ದವರು ಹನುಮಂತಪ್ಪ ಮತ್ತು ಅವರ ಹೆಂಡತಿ ರುಕ್ಮವ್ವ. ಮೂಲ ಸುಳ್ಳ ಎಂಬ ಊರಿನ ಒಕ್ಕಲು ಮನೆತನ; ಹನುಮಂತಪ್ಪ ಹುಬ್ಬಳ್ಳಿಯ ಹತ್ತಿ ಮಿಲ್ಲೊಂದರಲ್ಲಿ ಮೂವತ್ತು ವರ್ಷ ತೂಕದ ಕೆಲಸ ಮಾಡಿ, ಗೋಪನಕೊಪ್ಪದಲ್ಲಿ ಮನೆ ಕಟ್ಟಿಸಿ ಉಳಿದವರು. ಅವರ ಮನೆಯಿಂದ ಎರಡು ಓಣಿ ಆಚೆ ಅಯಾಜನ ಗ್ಯಾರೇಜು. ತೊಂಬತ್ತೊಂದರಲ್ಲಿ ಕೊಂಡ ಅವರ ಬುಲೆಟ್ಟಿಗೆ ಅವನ ಉಸ್ತಾದ ಅಸ್ಫಾಕ ಇರುವತನಕ ಅಸ್ಫಾಕನೇ ಕೈ ಹಚ್ಚುತ್ತಿದ್ದ, ಆಮೇಲೆ ಅಯಾಜ.

ಆ ಶನಿವಾರ ಬುಲೆಟ್ ಕೊಡುವುದಿತ್ತು. ಮರುದಿನ ಧಾರವಾಡದಲ್ಲಿ ಹನುಮಂತಪ್ಪನವರ ಮಗಳ ಮನೆಯಲ್ಲಿ ಮೊಮ್ಮಗಳು ಸಾನ್ವಿಯ ಹುಟ್ಟುಹಬ್ಬ. ಕೆಲಸ ಅರ್ಧ ದಿನದ್ದು, ಸಾಮಾನೆಲ್ಲ ಕೈಯಲ್ಲೇ ಇತ್ತು. ಆದರೆ ಗೋವಾಕ್ಕೆ ಹೊರಟಿದ್ದ ಮೂವರು ಹುಡುಗರು ತಮ್ಮ ಎತ್ತರದ ಗಾಡಿಗಳನ್ನು ತಂದು ನಿಲ್ಲಿಸಿ, ಇವತ್ತೇ ಬೇಕು ಎಂದು ಕುಳಿತುಬಿಟ್ಟರು. ಬುಲೆಟ್ ಅವಸರದ ಗಾಡಿಯಲ್ಲ, ಅದರ ಮಾಲಕರೂ ಅವಸರದವರಲ್ಲ ಎಂದುಕೊಂಡ ಅಯಾಜ ಅದನ್ನು ಬದಿಗೆ ಸರಿಸಿದ. ಸಂಜೆ ಬಂದ ಹನುಮಂತಪ್ಪ ಬಿಚ್ಚಿಟ್ಟ ಎಂಜಿನ್ನನ್ನು ನೋಡಿ, "ಇರಲಿ ಬಿಡು, ಪರಮೇಶನ ಗಾಡಿ ಐತಿ" ಎಂದರು. ಪರಮೇಶ ಅವರ ಮಗ. ಅವನ ನೂರು ಸಿಸಿ ಗಾಡಿಗೆ ಎರಡು ದಿನದ ಹಿಂದೆ ಅಯಾಜನೇ ಹಿಂದಿನ ಬ್ರೇಕಿನ ಶೂ ಹೊಸದು ಹಾಕಿದ್ದ. "ಬ್ರೇಕ್ ಹೊಸಾದು ಹಾಕೀನಿ ಕಾಕಾ, ಧೈರ್ಯಲೆ ಹೋಗ್ರಿ" ಎಂದಿದ್ದ.

ಈಗ ಆ ಮಾತು ಗೋಪನಕೊಪ್ಪದಲ್ಲಿ ಅವನಿಗಿಂತ ಮೊದಲು ಓಡಾಡುತ್ತಿತ್ತು. ಹೊಸಾ ಬ್ರೇಕ್ ಹಾಕಿದ್ನಂತ, ಎರಡ ದಿನಕ್ಕ ಹಿಡೀಲಿಲ್ಲಂತ. ಯಾರೂ ಎದುರಿಗೆ ಬಂದು ಜಗಳ ಆಡಲಿಲ್ಲ. ಸಾಲಿ ಮಾಸ್ತರರೊಬ್ಬರು ಗಾಡಿ ಒಯ್ಯುವಾಗ ಗ್ಯಾರೇಜಿನ ಮುಂದೆಯೇ ಮೂರು ಸಲ ಬ್ರೇಕ್ ಹಾಕಿ ನೋಡಿ, ನಾಚಿಕೆಯಿಂದ ನಕ್ಕು ಹೋದರು. ಹಾಲಿನವರು ಎಣ್ಣೆ ಬದಲಿಸುವುದಕ್ಕೆ ಬರುತ್ತಿದ್ದರು, ಬ್ರೇಕಿಗೆ ಮಾತ್ರ ಬೇರೆ ಕಡೆ ಹೋಗುತ್ತಿದ್ದರು. ಅವನ ತಾಯಿ ಹುಸೇನಬಿ ಮೊದಲ ವಾರ ದಿನಾ ಕೇಳಿದಳು: ನಟ್ಟು ಬಿಗಿ ಮಾಡಿದ್ದು ನೆನಪಿದೆಯೇ. ನೆನಪಿದೆ ಎನ್ನುತ್ತಿದ್ದ. ಎರಡನೆಯ ವಾರ ಅವಳು ಕೇಳುವುದನ್ನು ಬಿಟ್ಟಳು. ಅಷ್ಟರಲ್ಲಿ ಅವನಿಗೇ ನೆನಪು ಸಡಿಲವಾಗತೊಡಗಿತ್ತು. ದಿನಕ್ಕೆ ಐದಾರು ಗಾಡಿಗಳ ನಟ್ಟು ತಿರುಗಿಸಿದ ಕೈ; ಆ ಒಂದು ನಟ್ಟಿನ ನೆನಪು ನಿಜವಾಗಿಯೂ ಆ ನಟ್ಟಿನದೇ, ಅಥವಾ ಇನ್ಯಾವುದರದೋ?

ಹಾಗೆ ನೋಡಿದರೆ ಅವನು ಹೆಸರು ಮಾಡಿದ್ದೇ ಇದರಲ್ಲಿ. ಗಾಡಿ ನೋಡಿದರೆ ಸಾಕು, ಓಡಿಸುವವನು ಹೇಗೆ ಓಡಿಸುತ್ತಾನೆ ಎಂದು ಹೇಳುತ್ತಿದ್ದ. ಸುಳ್ಳದ ಕಡೆಯ ಹಾಲಿನವರು ಎರಡೂ ಬದಿಗೆ ಕ್ಯಾನು ಕಟ್ಟಿ ತಾವು ಟ್ಯಾಂಕಿನ ಮೇಲೆ ಕೂರುತ್ತಾರೆ. ಕರಿಮಣ್ಣಿನ ಕೆಸರಿನಲ್ಲಿ ಅರ್ಧ ಕ್ಲಚ್ ಹಿಡಿದೇ ಹೋಗುವುದರಿಂದ ಅವರ ಕ್ಲಚ್ ಪ್ಲೇಟು ವರ್ಷ ತುಂಬುವುದರೊಳಗೆ ಸುಟ್ಟ ವಾಸನೆ ಹೊಡೆಯುತ್ತದೆ. ವಿದ್ಯಾನಗರದ ಕಾಲೇಜು ಹುಡುಗರು ರೇಸಿನ ಗಾಡಿಯ ಮೇಲೆ ಹೊಟ್ಟೆ ಹಚ್ಚಿ ಮಲಗುತ್ತಾರೆ. ತಿರುವಿನಲ್ಲಿ ಮೊಣಕಾಲು ನೆಲಕ್ಕೆ ಮುಟ್ಟಿಸುತ್ತೇವೆ ಎನ್ನುವವರ ಟೈರಿನ ಅಂಚಿನಲ್ಲಿ ರಬ್ಬರಿನ ಎಳೆಗಳು ಅಂಗಡಿಯಿಂದ ಬಂದಂತೆ ಹಾಗೇ ಇರುತ್ತವೆ. ಸ್ಕೂಟರಿನವರು ಎರಡೂ ಬ್ರೇಕು ಒಟ್ಟಿಗೆ ಹಿಡಿದು, ಗಾಡಿ ನಿಲ್ಲುವ ಮೊದಲೇ ಕಾಲು ಕೆಳಗೆ ಬಿಟ್ಟು ಚಪ್ಪಲಿ ಸವೆಸುತ್ತಾರೆ. ಮೇವಿನ ಹೊರೆ ಹೇರಿದ ಮೊಪೆಡ್ಡಿನವನಿಗೆ ಹಿಂದೆ ಏನು ಬರುತ್ತಿದೆ ಎಂದು ಕಾಣುವುದೂ ಇಲ್ಲ, ಬೇಕಾಗುವುದೂ ಇಲ್ಲ.

ಬುಲೆಟ್ಟಿನವರದು ಬೇರೆ. ಕುರ್ಚಿಯ ಮೇಲೆ ಕುಳಿತಂತೆ ನೆಟ್ಟಗೆ ಕೂರುತ್ತಾರೆ. ಮುಳ್ಳು ನೋಡುವುದಿಲ್ಲ, ಸದ್ದು ಕೇಳಿ ಗೇರು ಹಾಕುತ್ತಾರೆ. ಹನುಮಂತಪ್ಪನವರಂಥ ಹಳಬರು ಮುಂದಿನ ಬ್ರೇಕು ಹಿಡಿದರೆ ಗಾಡಿ ಮಗುಚುತ್ತದೆ ಎಂದು ನಂಬಿದವರು. ಅವರ ಗಾಡಿಯ ಮುಂದಿನ ಶೂ ಹತ್ತು ವರ್ಷವಾದರೂ ಸವೆದಿರುವುದಿಲ್ಲ. ಎಲ್ಲ ಕೆಲಸ ಕಾಲಿನದು. ಮತ್ತು ಆ ಹಳೆಯ ಬುಲೆಟ್ಟುಗಳಲ್ಲಿ ಕಾಲಿನ ಲೆಕ್ಕವೇ ತಿರುಗುಮುರುಗು: ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಉಳಿದ ಎಲ್ಲ ಗಾಡಿಗಳಲ್ಲಿ ಗೇರು ಎಡಕ್ಕೆ, ಬ್ರೇಕು ಬಲಕ್ಕೆ. ಅಸ್ಫಾಕ ಉಸ್ತಾದನ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಬಲಗೇರಿನ ಗಾಡಿ ಒಳಗೆ ಬಂದ ಕೂಡಲೇ ಅದರ ಹ್ಯಾಂಡಲ್ಲಿಗೆ ಕೆಂಪು ಬಟ್ಟೆ ಕಟ್ಟಬೇಕು. ಹೊಸ ಗಾಡಿ ಓಡಿಸಿ ರೂಢಿಯಾದವರು ಅದನ್ನು ಹತ್ತುವ ಮೊದಲು ಬಟ್ಟೆ ನೋಡಿ, ಬಲತೊಡೆಯನ್ನು ಎರಡು ಸಲ ತಟ್ಟಿಕೊಂಡು, ಕಾಲಿಗೆ ನೆನಪು ಮಾಡಿ ಕೊಡಬೇಕು. ಅಯಾಜನೂ ಹಾಗೆಯೇ ಕಟ್ಟುತ್ತ ಬಂದಿದ್ದ. ಗ್ಯಾರೇಜಿನ ಮೂಲೆಯಲ್ಲಿ ಕೆಲಸ ಮುಗಿದು ಹತ್ತು ದಿನವಾದರೂ ಯಾರೂ ಒಯ್ಯಲು ಬಾರದೆ ನಿಂತಿದ್ದ ಬುಲೆಟ್ಟಿಗೆ ಈಗಲೂ ಬಟ್ಟೆ ಇತ್ತು.

*

ರಾಯಾಪುರದಿಂದ ಅವನು ನೇರವಾಗಿ ಹನುಮಂತಪ್ಪನವರ ಮನೆಗೆ ಹೋದ. ಅದೇ ಡಬ್ಬಿಯ ಶೂ ತನ್ನ ಗಾಡಿಗೆ ಹಾಕಿ ಎಂಟು ಸಲ ನೋಡಿದ್ದಾಗಿತ್ತು, ಶೂ ಕೆಟ್ಟದ್ದಲ್ಲ. ಇನ್ನು ಉಳಿದದ್ದು ಆ ಗಾಡಿ. ಅದು ಅವರ ಮನೆಯ ಪಕ್ಕ, ನೀರಿನ ಟಾಕಿಯ ಹತ್ತಿರ ಗೋಡೆಗೆ ಒರಗಿ ನಿಂತಿತ್ತು. ಹ್ಯಾಂಡಲ್ಲು ತಿರುಚಿತ್ತು, ದೀಪದ ಜಾಗದಲ್ಲಿ ತಂತಿಗಳು ಜೋತಾಡುತ್ತಿದ್ದವು.

ಪರಮೇಶ ಹೊರಗೆ ಬಂದ. ಇಬ್ಬರೂ ಒಂದೇ ಸಾಲಿಯಲ್ಲಿ ಕಲಿತವರು.

"ಯಾಕ ಬಂದಿ?"

"ಗಾಡಿ ನೋಡಬೇಕಿತ್ತು."

"ಏನ ನೋಡ್ತಿ. ಮುಂದಿಂದು ಮುರದೈತಿ. ಹಿಂದಿಂದು ನೀ ಮಾಡಿದ್ದೈತಿ."

"ಹಿಂದಿಂದ ನೋಡ್ತೇನಿ."

ಪರಮೇಶ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಅಯಾಜ ಚೀಲದಿಂದ ಪಾನಾ ತೆಗೆದು ಕುಕ್ಕರಗಾಲಲ್ಲಿ ಕುಳಿತ. ಬಿಚ್ಚುವ ಮೊದಲು ಒಂದು ಕ್ಷಣ ಸುಮ್ಮನೆ ನೋಡಿದ. ಬ್ರೇಕಿನ ನಟ್ಟು ಬಿಗಿ ಮಾಡಿದ ಮೇಲೆ ನಟ್ಟು ಮತ್ತು ಪೆಡಲ್ಲಿನಿಂದ ಗಾಲಿಗೆ ಹೋಗುವ ಸಳಿ ಎರಡರ ಮೇಲೂ ಹಾಯುವಂತೆ ಬಿಳಿ ಪೇಂಟಿನ ಒಂದು ಗೆರೆ ಎಳೆಯುವುದು ಅವನ ರೂಢಿ. ನಟ್ಟು ಒಂದು ಎಳೆ ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಗೆರೆ ಇತ್ತು. ಮುರಿದಿರಲಿಲ್ಲ. ಸಳಿ ನೆಟ್ಟಗಿತ್ತು. ಗಾಲಿ ಬಿಚ್ಚಿ ಒಳಗೆ ನೋಡಿದ: ಶೂಗಳು ಹೊಸದರಂತೆ ಕುಳಿತಿದ್ದವು, ಎಣ್ಣೆ ಹನಿದಿರಲಿಲ್ಲ, ಸ್ಪ್ರಿಂಗು ಜಾಗದಲ್ಲೇ ಇತ್ತು. ಅವನು ಒಂದೊಂದನ್ನೂ ಎರಡೆರಡು ಸಲ ಬೆರಳಿನಿಂದ ಮುಟ್ಟಿದ.

"ಏನೂ ಆಗಿಲ್ಲ," ಎಂದ.

"ಪೇಪರ ಬರದಾಂವನೂ ನೀನ, ತಿದ್ದಾಂವನೂ ನೀನ," ಎಂದ ಪರಮೇಶ. "ನೂರಕ್ಕ ನೂರು ಬೀಳದ ಏನ ಮಾಡತೈತಿ."

"ನೀನ ನೋಡು. ಈ ಗೆರಿ..."

"ಗೆರಿ ಈಗ ಎಳದೀಯೋ ಆವಾಗ ಎಳದೀಯೋ, ನನಗೇನ ಗೊತ್ತು. ನಮ್ಮವ್ವ ಕೋಲ ಹಿಡದ ನಡ್ಯಾಕತ್ತಾಳ, ಅದು ಗೊತ್ತು."

"ನೋಡಲಿ ಬಿಡೋ," ಎಂದು ಪಡಸಾಲೆಯಿಂದ ಹನುಮಂತಪ್ಪ ಹೇಳಿದರು. "ಅವಗೂ ಮನಸ್ಸಿಗೆ ಸಮಾಧಾನ ಬೇಕಲ್ಲ. ಮ್ಯಾಲೆ ಬಾ ಅಯಾಜ, ಕೂಡು."

ಅವರು ಕೃಶವಾಗಿದ್ದರು. ಹೆಗಲ ಮೇಲೆ ಒದ್ದೆ ಟವೆಲ್ಲು. ತೊಡೆಯ ಮೇಲೆ ಬಾಚಣಿಕೆ, ಅದರಲ್ಲಿ ಉದ್ದನೆಯ ಬಿಳಿ ಕೂದಲು ಸಿಕ್ಕಿಕೊಂಡಿತ್ತು. ಅಯಾಜ ಮೆಟ್ಟಿಲ ಮೇಲೆ ಕುಳಿತ. ಬ್ರೇಕ್ ಹಿಡಿಯಲಿಲ್ಲ ಎಂಬುದನ್ನು ಹತ್ತಾರು ಬಾಯಿಂದ ಕೇಳಿದ್ದ ಅವನು, ಅವರ ಬಾಯಿಂದಲೇ ಕೇಳಿರಲಿಲ್ಲ.

"ಹೆಂಗ ಆತ್ರಿ ಕಾಕಾ? ಪೆಡಲ್ ಖಾಲಿ ಖಾಲಿ ಹೋತೇನ್ರಿ? ಪೂರಾ ಕೆಳಗ?"

"ಖಾಲಿ ಎಲ್ಲಿ ಬಂತು. ಕಲ್ಲು. ಕಲ್ಲ ತುಳದಂಗ ಇತ್ತು. ಒಂದೀಟ ಒಳಗ ಹೋತು, ಮುಂದ ಹೋಗವಲ್ದು. ಇದ್ದಬಿದ್ದ ಶಕ್ತಿ ಹಾಕಿದ್ನಿ. ಹಿಂಗ, ಹಿಂಗ."

ಅಯಾಜ ತಲೆ ಎತ್ತಿದ. ಬ್ರೇಕು ಕೆಟ್ಟರೆ ಪೆಡಲ್ಲು ಸೋಲುತ್ತದೆ. ನಟ್ಟು ಕಳಚಲಿ, ಸಳಿ ಮುರಿಯಲಿ, ಕಾಲಿನ ಕೆಳಗೆ ಅದು ಗಾಳಿಯಾಗುತ್ತದೆ, ಯಾರನ್ನು ಕೇಳಿದರೂ ಖಾಲಿ ಹೋಯಿತು ಎನ್ನುತ್ತಾರೆ. ಕಲ್ಲಿನಂತಾಗಿ, ಗಾಲಿಯನ್ನೂ ಹಿಡಿಯದ ಬ್ರೇಕನ್ನು ಅವನು ಹದಿನೆಂಟು ವರ್ಷಗಳಲ್ಲಿ ಕಂಡಿರಲಿಲ್ಲ. ಕಾಲಿನ ಕೆಳಗೆ ಸ್ವಲ್ಪವೇ ಸರಿದು ಕಲ್ಲಾಗುವ ವಸ್ತು ಆ ಗಾಡಿಯಲ್ಲಿ ಇನ್ನೊಂದಿದೆ. ನಾಲ್ಕನೆಯ ಗೇರಿನಲ್ಲಿ ಓಡುವಾಗ ಗೇರಿನ ಪೆಡಲ್ಲನ್ನು ಇನ್ನೂ ತುಳಿದರೆ, ಐದನೆಯದು ಇಲ್ಲದ್ದರಿಂದ ಅದು ಹಾಗೆಯೇ ನಿಂತುಬಿಡುತ್ತದೆ.

"ಹಿಂಗ ತುಳದೇ ತುಳದ್ನಿ," ಎನ್ನುತ್ತಿದ್ದರು ಹನುಮಂತಪ್ಪ. ಹೇಳುತ್ತ ಹೇಳುತ್ತ ಅವರ ಕಾಲು ಪಡಸಾಲೆಯ ಫರಸಿಯನ್ನು ಒತ್ತುತ್ತಿತ್ತು. ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತುತ್ತಿತ್ತು. ಎಡಗಾಲು. ಬಲಗಾಲು ಚಪ್ಪಲಿಯಲ್ಲಿ ಸುಮ್ಮನೆ ಮಲಗಿತ್ತು.

"ಕಾಕಾ, ಯಾವ..."

"ಅಯಾಜ," ಎಂದು ಒಳಗಿನಿಂದ ರುಕ್ಮವ್ವ ಕರೆದಳು. ದನಿ ಜೋರಾಗಿತ್ತು. "ಒಳಗ ಬಾ. ನನಗ ಈ ಕೋಲಿನ ರಬ್ಬರ ಸರಿ ಮಾಡಿ ಕೊಡು ಬಾ."

*

ಕೋಲಿನ ರಬ್ಬರು ಸರಿಯಾಗಿಯೇ ಇತ್ತು. ಅವಳು ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ತಲೆ ನುಣ್ಣಗೆ ಬಾಚಿತ್ತು. ಜಡೆ ಮಾತ್ರ ಗಂಡಸಿನ ಕೈಯ ಜಡೆ, ಹಗ್ಗದಂತೆ ಬಿಗಿಯಾಗಿತ್ತು.

"ಬಾಗಲಾ ಮುಂದ ಮಾಡು, ಹೊರಗ ಕೇಳಸಬಾರದು. ಏನ ಕೇಳಾವ ಇದ್ದಿ ಅವರಿಗೆ?"

"ಯಾವ ಕಾಲಿಲೆ ತುಳಿದ್ರಿ ಅಂತರಿ."

"ಎಡಗಾಲು," ಎಂದಳು ರುಕ್ಮವ್ವ.

ಅಯಾಜ ಕೋಲನ್ನು ಹಿಡಿದುಕೊಂಡೇ ನಿಂತ.

"ನಾ ಎಡಕ್ಕ ಕಾಲ ಬಿಟ್ಟ ಕುಂತಿದ್ನಿ. ನನ್ನ ಕಾಲಿನ ಮುಂದ ಅವರ ಕಾಲು. ತುಳಿದ್ರು, ತುಳಿದ್ರು. ಮೂವತ್ತ ವರ್ಷ ಬುಲೆಟ್ ಮ್ಯಾಲೆ ಹಂಗ ಕುಂತೀನಿ ತಮ್ಮಾ. ಅವರು ಎಡಗಾಲು ತುಳಿದ್ರ ಗಾಡಿ ನಿಲ್ಲತೈತಿ ಅಂತ ನನಗೂ ರೂಢಿ. ಈಗ ನಿಲ್ಲತೈತಿ ಅಂತ ಸೆರಗ ಹಿಡಕೊಂಡು ತಯಾರಾಗಿ ಕುಂತ್ನಿ. ನಿಲ್ಲಲಿಲ್ಲ."

"ಯಾವಾಗ ತಿಳೀತ್ರಿ ನಿಮಗ?"

"ದವಾಖಾನ್ಯಾಗ. ಮೂರನೇ ದಿನ. ಪರಮೇಶ ಬಂದು ಅಯಾಜನ ಬ್ರೇಕ್ ಅಯಾಜನ ಬ್ರೇಕ್ ಅಂತ ಒದರಾಡುವಾಗ ಆ ಕಾಲು ಕಣ್ಣ ಮುಂದ ಬಂತು. ಪರಮೇಶನ ಗಾಡೀದು ಬ್ರೇಕ್ ಈ ಕಡೆ ಅಲ್ಲಲ್ಲ ಅಂತ ಹೊಳೀತು."

"ಹೇಳಬೇಕಿತ್ತರಿ."

"ಯಾರಿಗೆ ಹೇಳಲಿ?"

ಹೊರಗೆ ಪಾತ್ರೆಯ ಸದ್ದಾಯಿತು. ಹನುಮಂತಪ್ಪ ಅಡುಗೆ ಮನೆಗೆ ಹೋಗಿರಬೇಕು. ರುಕ್ಮವ್ವ ದನಿ ತಗ್ಗಿಸಿದಳು.

"ಅವರು ನನ್ನ ಮೈ ತೊಳೀತಾರ. ತಲಿ ಬಾಚತಾರ. ಒಂದಿನ ಬ್ಯಾಸರ ಮಾಡಿಲ್ಲ. ಈಗ ಮಾಡೂದು ನನ್ನ ಸಲುವಾಗಿ ಮಾಡಾಕತ್ತಾರ. ತಮ್ಮ ಕಾಲಿಲೆ ಹಿಂಗಾತು ಅಂತ ಗೊತ್ತಾದ್ರ, ಆ ತಪ್ಪಿನ ಸಲುವಾಗಿ ಮಾಡ್ತಾರ. ಆ ಕೈಯಾಗಿನ ಅನ್ನ ನನಗ ಇಳಿಯಂಗಿಲ್ಲ. ಅವರೂ ಭಾಳ ದಿನ ಉಳಿಯಂಗಿಲ್ಲ."

"ಮತ್ತ ನಾನ್ರಿ?"

ಅವಳು ಅವನ ಮುಖ ನೋಡಿದಳು. ಆ ಪ್ರಶ್ನೆಗೆ ಸಿದ್ಧವಾಗಿದ್ದಂತಿತ್ತು.

"ನಿನಗ ಅನ್ಯಾಯ ಆಗತೈತಿ. ಸಣ್ಣದು ಅಂತ ನಾ ಅನ್ನಾಂಗಿಲ್ಲ. ಅದಕ್ಕ ಒಂದ ಹಾದಿ ಮಾಡೀನಿ. ಸೋಮವಾರ ಅವರು ಬುಲೆಟ್ ಒಯ್ಯಾಕ ಬರ್ತಾರ. ನಾಕ ಮಂದಿ ಮುಂದ, ಅಯಾಜನ್ನ ಮಾಫ್ ಮಾಡೀನಿ, ಇನ್ನ ಮುಂದನೂ ನನ್ನ ಗಾಡಿ ಅವನ ಕಡೆನ ಬಿಡಾವ ಅಂತ ಹೇಳ್ತಾರ. ಎಂಟ ದಿನ ಹತ್ತೇತಿ ನನಗ ಅವರನ್ನ ಒಪ್ಪಸಾಕ. ಅವರ ಬಿಟ್ರಂದ್ರ ಎಲ್ಲಾರೂ ಬಿಡ್ತಾರ, ನಿನ್ನ ಗ್ಯಾರೇಜು ಮೊದಲಿನಂಗ ಆಗತೈತಿ. ನೀ ಹೂಂ ಅಂದ್ರ ಸಾಕು."

ಅವನು ಕೋಲನ್ನು ಮಂಚಕ್ಕೆ ಒರಗಿಸಿ ಹೊರಗೆ ಬಂದ. ಹೂಂ ಎಂದೋ ಬೇಡ ಎಂದೋ ಹೇಳಿದ ನೆನಪು ಅವನಿಗಿರಲಿಲ್ಲ. ಹನುಮಂತಪ್ಪ ಒಲೆಯ ಮುಂದೆ ನಿಂತು ಗಂಜಿ ತಿರುವುತ್ತಿದ್ದರು. "ರಬ್ಬರ ಸರಿ ಆತೇನ?" ಎಂದು ಕೇಳಿದರು.

*

ಭಾನುವಾರ ಅವನು ಬುಲೆಟ್ಟನ್ನು ಹೊರಗೆ ತೆಗೆದ. ಕೊಡುವ ಮೊದಲು ಒಮ್ಮೆ ಓಡಿಸಿ ನೋಡಬೇಕಿತ್ತು. ಬಲತೊಡೆ ತಟ್ಟಿಕೊಂಡು ಹತ್ತಿದ.

ಗೋಪನಕೊಪ್ಪ ದಾಟಿ ಸುಳ್ಳದ ರಸ್ತೆ ಹಿಡಿದ. ಕಡಲೆ ಕಿತ್ತ ಹೊಲಗಳು ಎರಡೂ ಕಡೆ ಕಪ್ಪಾಗಿ ಬಿದ್ದಿದ್ದವು. ಗಾಡಿ ನಲವತ್ತರಲ್ಲಿ ತನ್ನ ಸದ್ದು ಕಂಡುಕೊಂಡಿತು. ಅದಕ್ಕಿಂತ ಹೆಚ್ಚು ಕೇಳಲಿಲ್ಲ, ಅವನೂ ಕೊಡಲಿಲ್ಲ. ಎರಡು ಮೈಲಿ ಹೋಗುವಷ್ಟರಲ್ಲಿ ಅವನ ಬೆನ್ನು ತಾನಾಗಿ ನೆಟ್ಟಗಾಗಿತ್ತು. ಗಾಡಿ ಮನುಷ್ಯನನ್ನು ತನ್ನಂತೆ ಕೂರಿಸಿಕೊಳ್ಳುತ್ತದೆ. ಮೂವತ್ತು ವರ್ಷ ಕೂರಿಸಿಕೊಂಡರೆ ಎಲುಬೂ ಅದರ ಮಾತನ್ನೇ ಕೇಳುತ್ತದೆ. ಧಾರವಾಡದ ಹಾದಿಯಲ್ಲಿ ಹನುಮಂತಪ್ಪ ಪ್ರತಿ ಸಿಗ್ನಲ್ಲಿನಲ್ಲೂ ಯೋಚಿಸಿ ಬಲಗಾಲು ಇಟ್ಟಿರಬೇಕು. ನವನಗರ ದಾಟುವತನಕ ಒಂದೂ ತಪ್ಪಿರಲಿಕ್ಕಿಲ್ಲ. ಟೆಂಪೊ ನಿಂತಾಗ ಯೋಚನೆಗೆ ಜಾಗವಿರಲಿಲ್ಲ; ಆಗ ಉಳಿದದ್ದು ರೂಢಿ ಮಾತ್ರ. ಬುಲೆಟ್ ಆಗಿದ್ದರೆ ಆ ಕಾಲು ಸರಿಯಾದ ಕಾಲೇ ಆಗಿತ್ತು. ಶನಿವಾರ ಸಂಜೆಗೆ ಬುಲೆಟ್ ಸಿಕ್ಕಿದ್ದರೆ.

ಇದನ್ನು ಅವನು ಎರಡು ದಿನದಿಂದ ಸುತ್ತಿ ಸುತ್ತಿ ದೂರ ಇಡುತ್ತಿದ್ದ. ಈಗ ಎದುರಿಗೆ ಬಂತು. ಹೊಸ ಗಾಡಿಯ ಕಾಲುಗಳು ಹಳೆಯ ಗಾಡಿಯಲ್ಲಿ ತಪ್ಪದಂತೆ ಬಟ್ಟೆ ಕಟ್ಟುತ್ತ ಬಂದಿದ್ದ ಅವನು, ಹಳೆಯ ಕಾಲು ಹೊಸ ಗಾಡಿ ಹತ್ತಲಿದೆ ಎಂದು ಕಿವಿಯಾರೆ ಕೇಳಿದ್ದ. ಧೈರ್ಯಲೆ ಹೋಗ್ರಿ ಎಂದಿದ್ದ. ಬ್ರೇಕು ಬಲಕ್ಕೈತಿ ಕಾಕಾ ಎಂಬ ಮೂರು ಶಬ್ದ ಅವನ ಬಾಯಿಗೆ ಬಂದಿರಲಿಲ್ಲ.

ಸುಳ್ಳದ ಹೊರಗೆ, ರಸ್ತೆಯ ಮೇಲೆ ಯಾರೂ ಇಲ್ಲದಲ್ಲಿ, ಎಡಗಾಲು ಒತ್ತಿದ. ಬುಲೆಟ್ ನಿಧಾನವಾಗಿ, ತೂಕ ಇಳಿಸಿದಂತೆ ನಿಂತಿತು. ಅಲ್ಲಿಯೇ ಬಹಳ ಹೊತ್ತು ಎಂಜಿನ್ನು ಚಾಲೂ ಇಟ್ಟು ಕುಳಿತ. ಹೂಂ ಎಂದುಬಿಡುವುದು ಸುಲಭ. ಮಾಸ್ತರರು ಮತ್ತೆ ನೋಡದೆ ಗಾಡಿ ಒಯ್ಯುತ್ತಾರೆ. ಹಾಲಿನವರು ಬರುತ್ತಾರೆ. ಮುದುಕರು ನೆಮ್ಮದಿಯಿಂದ ಗಂಜಿ ಕುದಿಸುತ್ತಾರೆ. ಆದರೆ ಒಮ್ಮೆ ಹೂಂ ಎಂದರೆ ಆ ನಟ್ಟು ಸಡಿಲವಾಗಿಯೇ ಇತ್ತು ಎಂದಾಗುತ್ತದೆ, ಅವನೇ ಹೇಳಿದ ಹಾಗೆ ಆಗುತ್ತದೆ. ನಾಳೆ ಇನ್ನೊಂದು ಗಾಡಿಯ ನಟ್ಟಿಗೆ ಪಾನಾ ಹಚ್ಚುವಾಗ ಕೈ ಅವನನ್ನು ಕೇಳುತ್ತದೆ. ಮೂವತ್ತೆರಡು ಹೆಜ್ಜೆ ಎಣಿಸಿ ಪಡೆದದ್ದನ್ನು ಮತ್ತೆ ಎಲ್ಲಿ ಹೋಗಿ ಎಣಿಸುವುದು?

ಸತ್ಯ ಹೇಳಿಬಿಡುವುದೂ ಸುಲಭವೇ. ಎರಡೇ ಅಕ್ಷರ: ಎಡ. ಆ ಹಗ್ಗದಂಥ ಜಡೆ ನೆನಪಾಯಿತು.

*

ಸೋಮವಾರ ಹತ್ತು ಗಂಟೆಗೆ ಹನುಮಂತಪ್ಪ ನಡೆದುಕೊಂಡೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಹಿಂದೆ ಪರಮೇಶ. ಗ್ಯಾರೇಜಿನಲ್ಲಿ ಕಾಳಿನ ವ್ಯಾಪಾರಿ ಶಂಭುಲಿಂಗ ಸ್ಕೂಟರಿನ ಗಾಳಿ ನೋಡಿಸಲು ನಿಂತಿದ್ದರು, ಇಬ್ಬರು ಹಾಲಿನವರು ಕಟ್ಟೆಯ ಮೇಲೆ ಕುಳಿತಿದ್ದರು. ಎದುರಿನ ಕಿರಾಣಿ ಅಂಗಡಿಯವನು ತಕ್ಕಡಿ ಬಿಟ್ಟು ಬಂದ. ಇವರೆಲ್ಲ ಸುಮ್ಮನೆ ಸೇರಿದವರಲ್ಲ ಎಂದು ಅಯಾಜನಿಗೆ ಗೊತ್ತಾಯಿತು.

"ಅಯಾಜ, ಒಂದ ನಿಮಿಷ ಕೆಲಸ ನಿಲ್ಲಸು," ಎಂದರು ಹನುಮಂತಪ್ಪ.

ಅವನು ಎದ್ದು ನಿಂತ.

"ಇವರೆಲ್ಲಾರ ಮುಂದ ನಾನ ಹೇಳೀನಿ, ಬ್ರೇಕ್ ಹಿಡೀಲಿಲ್ಲ ಅಂತ. ಅದಕ್ಕ ಇವರೆಲ್ಲಾರ ಮುಂದನ ಇದನ್ನೂ ಹೇಳಬೇಕು." ಅವರು ಮಾತನ್ನು ಮನೆಯಲ್ಲಿ ಕೂಡಿಸಿಕೊಂಡು ಬಂದಿದ್ದರು, ಆದರೂ ನಡುವೆ ಉಸಿರು ತೆಗೆದುಕೊಳ್ಳಬೇಕಾಯಿತು. "ಮನುಷ್ಯಾನ ಕೈ ಒಮ್ಮೊಮ್ಮೆ ತಪ್ಪತೈತಿ. ನಾ ಮೂವತ್ತ ವರ್ಷ ತೂಕ ಮಾಡೀನಿ, ನನ್ನ ಕೈಯಾಗೂ ತಪ್ಪೇತಿ. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಆಕಿಗೂ ಇಲ್ಲ. ಆದದ್ದು ಆತು, ನಾ ನಿನ್ನ ಮಾಫ್ ಮಾಡೀನಿ. ಇನ್ನ ಮುಂದನೂ ನನ್ನ ಗಾಡಿಗೆ ನೀನ ಕೈ ಹಚ್ಚಾಂವ."

ಅವರು ಬಲಗೈ ಚಾಚಿದರು.

"ಇಂಥಾ ಮಾತು ಯಾರ ಆಡ್ತಾರ ಈ ಕಾಲದಾಗ," ಎಂದರು ಶಂಭುಲಿಂಗ. "ಕೈ ಹಿಡಿ, ತಮ್ಮಾ."

ಅಯಾಜ ಹಳೆಯ ಬಟ್ಟೆಯ ಚೂರಿನಲ್ಲಿ ಕೈ ಒರೆಸಿಕೊಂಡ. ಒಂದೊಂದೇ ಬೆರಳನ್ನು ಒರೆಸಿದ.

"ಕಾಕಾ, ಶನಿವಾರ ಬುಲೆಟ್ ಕೊಡ್ತೇನಿ ಅಂದಿದ್ನಿ. ಕೊಡಲಿಲ್ಲ. ಮನಸ್ಸ ಮಾಡಿದ್ರ ಆಗತಿತ್ತು, ನಾನ ಮಾಡಲಿಲ್ಲ. ಅದು ನನ್ನ ತಪ್ಪು. ಅದಕ್ಕ ಮಾಫ್ ಮಾಡ್ರಿ."

"ಏ, ಅದೇನ ದೊಡ್ಡದು, ಬಿಡು. ನಾ ಬ್ರೇಕಿಂದು ಹೇಳಾಕತ್ತೇನಿ."

"ಬ್ರೇಕಿಂದು ಬ್ಯಾಡ್ರಿ."

ಹಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಪರಮೇಶ ಎರಡು ಹೆಜ್ಜೆ ಮುಂದೆ ಬಂದ. "ನೋಡ್ರಿ ಇವನ ಸೊಕ್ಕು. ಮುದುಕ ಮನುಷ್ಯಾ ಓಣಿ ದಾಟಿ ನಡಕೋತ ಬಂದಾನ, ಇವಂದು ನೋಡ್ರಿ."

"ನೀ ಸುಮ್ಮನಿರು," ಎಂದರು ಹನುಮಂತಪ್ಪ. ಕೈ ಇನ್ನೂ ಚಾಚಿಯೇ ಇತ್ತು. "ಯಾಕ, ಅಯಾಜ? ನಾ ಮಂದಿಗೆ ತೋರಸಾಕ ಹೇಳಾಕತ್ತಿಲ್ಲ. ಮನಸ್ಸಿಲೆ ಹೇಳಾಕತ್ತೇನಿ."

"ಗೊತ್ತೈತ್ರಿ."

"ಮತ್ತ ಹಿಡಿ."

ಅಯಾಜ ಅವರ ಕಣ್ಣನ್ನೇ ನೋಡಿದ. ಕೆಳಗೆ ಅವರ ಕಾಲಿನ ಕಡೆ ನೋಡಲಿಲ್ಲ.

"ನನಗ ಬ್ಯಾಡ್ರಿ ಕಾಕಾ," ಎಂದ.